ಎಡಗಡೆಯ ಗೀರು

ಮಾರ್ಚ್ 3, ಭಾನುವಾರ

ಕಾರಿನ ಎಡಗಡೆಯ ಮುಂದಿನ ಚಕ್ರಕ್ಕೆ ಮರಳು ಕಾಗದ ಉಜ್ಜಿ ಉಜ್ಜಿ ಬೆರಳ ತುದಿ ಸವೆಯಿತು. ಅಂಗಡಿಯವನು ಹೇಳಿದ ರೇಟು ಕೇಳಿ ವಾಪಸ್ ಬಂದಿದ್ದೆ. ಅದಕ್ಕೇ ಮನೆಯಲ್ಲೇ. ಒಂದು ಪ್ರೈಮರ್, ಬೆಳ್ಳಿ ಬಣ್ಣದ ಎರಡು ಸ್ಪ್ರೇ ಡಬ್ಬ, ಪಾತ್ರೆ ತೊಳೆಯುವ ಸೋಪು. ಟೈರಿಗೆ ಬಣ್ಣ ತಾಗದಂತೆ ಅಂಚಿನ ಸುತ್ತ ಇವರ ಇಸ್ಪೀಟ್ ಎಲೆ ಸಿಕ್ಕಿಸಿದೆ. ಉಪಾಯ ಎದುರುಮನೆ ಮಾಮನದು — ಮೂವತ್ತು ವರ್ಷ ಬಸ್ಸು ಓಡಿಸಿದವರು. ರಾಜ, ರಾಣಿ, ಗುಲಾಮ, ಎಲ್ಲರಿಗೂ ಬೆಳ್ಳಿ ಮುಖ!

ಬಲಗಡೆಯ ಚಕ್ರಗಳು ಮಾಸಿವೆ, ಅಷ್ಟೆ. ಎಡಗಡೆಯವಕ್ಕೆ ಮೈತುಂಬ ಗೀರು. ಫುಟ್‌ಪಾತಿನ ಕಲ್ಲಿಗೆ ಉಜ್ಜಿದ್ದು. ಓಡಿಸುತ್ತಿದ್ದದ್ದು ಇಬ್ಬರೂ, ಗೀರೆಲ್ಲಾ ಇವರದೇ ಕೆಲಸ. ಆರು ವರ್ಷ ಇದೇ ಜಗಳ. "ಎಲ್ಲಿ ನೋಡ್ಕೊಂಡು ಓಡಿಸ್ತೀರಿ?" ಎಂದು ರೇಗಿದರೆ, "ಆಯ್ತು ಕಣೇ, ನಂದೇ ತಪ್ಪು, ಬಿಡು." ಇವರು ತೀರಿಹೋಗಿ ಇವತ್ತಿಗೆ ಐದು ತಿಂಗಳು. ಈಗ ಬೈಯಲಿಕ್ಕೂ ಜನ ಇಲ್ಲ.

ಮಾರ್ಚ್ 4, ಸೋಮವಾರ

ಎಡಗಡೆಯ ಎರಡಕ್ಕೂ ಮೂರನೇ ಕೋಟ್ ಒಣಗಿದೆ. ಫಳಫಳ. ಲ್ಯಾಬಿನಿಂದ ಲಿಸ್ಟ್ ಬಂತು, ನಾಳೆ ಹನ್ನೊಂದು ಮನೆ. ಮನೆಮನೆಗೆ ಹೋಗಿ ರಕ್ತ ತೆಗೆಯುವ ಡ್ಯೂಟಿ ಕಾರು ಇದ್ದವರಿಗೆ ಮಾತ್ರ. ಗಾಡಿ ಇಲ್ಲದಿದ್ದರೆ ಕೆಲಸವೂ ಇಲ್ಲ.

ಮಾರ್ಚ್ 13, ಬುಧವಾರ. ಸಂಜೆ 5

ಗೀರು. ಎಡಗಡೆ, ಮುಂದಿನದಕ್ಕೆ. ಅಂಗೈಯಷ್ಟು ಉದ್ದ.

ಕೀ ನನ್ನ ಹತ್ತಿರ ಬಿಟ್ಟರೆ ಯಾರ ಹತ್ತಿರವೂ ಇಲ್ಲ. ನಾನು ಎಲ್ಲೂ ತಾಗಿಸಿಲ್ಲ. ಬಗ್ಗಿ ಮುಟ್ಟಿ ನೋಡಿದೆ. ಥೇಟ್ ಇವರ ಗೀರು — ಅದೇ ಜಾಗ, ಅದೇ ಓರೆ.

ಮಾರ್ಚ್ 17, ಭಾನುವಾರ

ಮತ್ತೆ ಉಜ್ಜಿದೆ. ಮತ್ತೆ ಬಣ್ಣ. ಮಾಮ ಗೇಟಿನ ಹತ್ತಿರ ಬಂದು, "ಏನಮ್ಮಾ, ಆಗ್ಲೇ ಎರಡನೇ ಸಲ?" ಎಂದರು.

"ಬಣ್ಣ ಸರಿ ಹಿಡೀಲಿಲ್ಲ ಮಾಮ" ಎಂದೆ. ಇನ್ನೇನು ಹೇಳಲಿ...

ಮಾರ್ಚ್ 21, ಗುರುವಾರ

ಇವತ್ತು ಎರಡು. ಹಿಂದಿನ ಚಕ್ರಕ್ಕೂ.

ಹೆದರಿಕೆ ಆಗಬೇಕಿತ್ತು. ಆಗಲಿಲ್ಲ. ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ನಕ್ಕುಬಿಟ್ಟೆ. "ಸತ್ತ ಮೇಲೂ ಬುದ್ಧಿ ಬರ್ಲಿಲ್ವಾ ನಿಮಗೆ?" ಎಂದು ಚೆನ್ನಾಗಿ ಬೈದೆ. ಇಷ್ಟು ತಿಂಗಳಲ್ಲಿ ಇವತ್ತೇ ಹೊಟ್ಟೆ ತುಂಬ ಉಂಡದ್ದು. ಇನ್ನು ಬಣ್ಣ ಹಚ್ಚುವುದಿಲ್ಲ. ಇರಲಿ. ಬರುತ್ತಿದ್ದಾರಲ್ಲ, ಅಷ್ಟು ಸಾಕು ನನಗೆ.

ಏಪ್ರಿಲ್ 2, ಮಂಗಳವಾರ

ಮಾಮನಿಗೆ ಮಂಡಿ ನೋವು. ಆಸ್ಪತ್ರೆಗೆ ಬಿಡಲು ಹೋದೆ. ಪಕ್ಕದ ಸೀಟಿನಲ್ಲಿ ಕೂತಿದ್ದರು. ಗಾಡಿಯಲ್ಲಿ ಹಾಡು ಜೋರಾಗಿ ಹಾಕುವುದು ಮೊದಲಿಂದಲೂ ಅಭ್ಯಾಸ, ಇವರು ಹೋದಮೇಲೆ ಇನ್ನೂ ಜೋರು. ಇಲ್ಲದಿದ್ದರೆ ಬಿಕೋ ಎನ್ನುತ್ತದೆ. ಆಸ್ಪತ್ರೆ ಮುಂದೆ ನಿಲ್ಲಿಸುವಾಗ ಮಾಮ ಹಾಡು ಆಫ್ ಮಾಡಿದರು.

"ಕಲ್ಲು ಕಾಣಿಸ್ಲಿಲ್ವಾ ಅಮ್ಮಾ?"

"ಯಾವ ಕಲ್ಲು?"

"ಅಯ್ಯೋ, ಇಷ್ಟುದ್ದಕ್ಕೂ ಉಜ್ಜಿಕೊಂಡೇ ಬಂದ್ಯಲ್ಲ!"

ಇಳಿದು ನೋಡಿದೆ. ಫುಟ್‌ಪಾತಿನ ಕಲ್ಲಿಗೆ ನನ್ನ ಬೆಳ್ಳಿ ಬಣ್ಣ ಮೆತ್ತಿಕೊಂಡಿತ್ತು. ಮಾಮ ನನ್ನ ಎಡಕ್ಕೆ ನಿಂತು ಕೈ ಆಡಿಸಿದರಂತೆ. ನನಗೆ ಗೊತ್ತೇ ಆಗಲಿಲ್ಲ. ವಾಪಸ್ ಬರುವಾಗ ಮಂಡಿ ನೋವಿನಲ್ಲೂ ಅವರೇ ಓಡಿಸಿದರು.

ಏಪ್ರಿಲ್ 5, ಶುಕ್ರವಾರ

ಕಣ್ಣಿನ ಆಸ್ಪತ್ರೆ. ಬಲಗಣ್ಣು ಮುಚ್ಚಿ, ಬೆಳಕಿನ ಚುಕ್ಕೆ ಕಂಡಾಗ ಗುಂಡಿ ಒತ್ತಲು ಹೇಳಿದರು. ಕಾದೇ ಕಾದೆ. ಮೆಷಿನ್ ಕೆಟ್ಟಿರಬೇಕು ಅಂದುಕೊಂಡೆ.

"ಇನ್ನು ಗಾಡಿ ಓಡಿಸ್ಬೇಡಿ" ಎಂದರು ಡಾಕ್ಟರ್. "ಎಡಗಣ್ಣಿನ ದೃಷ್ಟಿ ಹೋದದ್ದು ವಾಪಸ್ ಬರಲ್ಲ. ಡ್ರಾಪ್ಸ್ ಹಾಕಿ ಉಳಿದದ್ದನ್ನ ಕಾಪಾಡ್ಕೊಳ್ಳೋಣ."

"ಯಾವಾಗಿಂದ ಇದು ಡಾಕ್ಟ್ರೇ?"

"ನಿಧಾನಕ್ಕೆ ಬರೋ ಕಾಯಿಲೆ. ಆರೇಳು ವರ್ಷನೇ ಆಗಿರ್ಬಹುದು."

ಕೆಲಸ ಹೋಯಿತು ಎಂಬುದು ಮೆಟ್ಟಿಲು ಇಳಿದ ಮೇಲೆ ಹೊಳೆಯಿತು. ಮೊದಲು ನೆನಪಾದವರು ಇವರು.

ಏಪ್ರಿಲ್ 7, ಭಾನುವಾರ

ಲ್ಯಾಬಿಗೆ ಫೋನ್ ಮಾಡಬೇಕು. ಮಾಡಿಲ್ಲ. ಗಾಡಿಯೊಳಗೆ ಕೂತು ಬರೆಯುತ್ತಿದ್ದೇನೆ.

ಯಾರೂ ಬಂದಿರಲಿಲ್ಲ. ಇವರು ಎರಡನೇ ಸಲ ಸತ್ತಂತಾಯಿತು. ಆರು ವರ್ಷ, ಮಾಡದ ತಪ್ಪಿಗೆ ಬೈಸಿಕೊಂಡರು ಪಾಪ. ಇವರು ಆಸ್ಪತ್ರೆಯಲ್ಲಿ ಮಲಗಿದ್ದ ಎರಡು ತಿಂಗಳೂ ಗೀರು ಬೀಳುತ್ತಲೇ ಇದ್ದಿರಬೇಕು. ನೋಡಲು ಪುರುಸೊತ್ತು ಎಲ್ಲಿತ್ತು? ನಾನೇ ಎಂದು ಗೊತ್ತಿದ್ದೂ ಸುಮ್ಮನಿದ್ದರೋ, ನಿಜವಾಗಿಯೂ ತಾವೇ ಅಂದುಕೊಂಡಿದ್ದರೋ... ಯಾರನ್ನು ಕೇಳಲಿ?

ಈಗ ಖಾಲಿ ಸೀಟಿನ ಕಡೆ ತಿರುಗಿ ಗಟ್ಟಿಯಾಗಿ ಹೇಳಿದೆ, "ಎಂಥಾ ಮನುಷ್ಯರ್ರೀ ನೀವು! ಒಂದೇ ಒಂದ್ಸಲ ನನಗೆ ತಿರುಗಿಸಿ ಬೈದಿದ್ರೆ, ನಾನು ಆಗ್ಲೇ ಕಣ್ಣು ತೋರಿಸ್ತಿದ್ದೆ—"