ಕೆಂಪು ಗೆರೆ ಎಳೆದ ಮನೆಗಳು

14, ಚಾಪೆಲ್ ಸಾಲು,
ರೇವನ್ಸ್‌ಹೋಪ್, ಡರಮ್ ಜಿಲ್ಲೆ
ಭಾನುವಾರ, 20 ನವೆಂಬರ್ 2016

ಪ್ರೀತಿಯ ಕ್ರೇಗ್,

ಗಂಟಲು ಹೇಗಿದೆ? ನಿನ್ನೆ ಸಭೆಯಲ್ಲಿ ಮಾತಾಡುವಾಗ ಎರಡು ಸಲ ಕೆಮ್ಮಿದೆ, ಮೂರನೇ ಸಲ ಬಂದದ್ದನ್ನು ನುಂಗಿಕೊಂಡೆ. ಮಿಕ್ಕವರಿಗೆ ಗೊತ್ತಾಗಲಿಲ್ಲ, ನನಗೆ ಗೊತ್ತಾಯಿತು. ಆ ತೆಳ್ಳನೆಯ ಕೋಟು ಲಂಡನ್ನಿಗೆ ಸರಿಹೋಗಬಹುದು, ನಮ್ಮ ಗುಡ್ಡದ ಗಾಳಿಗೆ ಯಾವ ಮೂಲೆಗೂ ಸಾಲದು ಅಂತ ಫೋನಿನಲ್ಲೇ ಬಡಕೊಂಡೆ, ನೀನು ಯಾವತ್ತು ನನ್ನ ಮಾತು ಕೇಳಿದ್ದೀಯ? ಬಿಸಿನೀರಿಗೆ ಜೇನು ಹಾಕಿ ಕುಡಿ. ಫ್ರಾನ್ಸಿಸ್ಕಾ ಚೆನ್ನಾಗಿದ್ದಾಳೆ ತಾನೇ? ಪುಟ್ಟಿ ಇಡಾಗೆ ಮುಂದಿನ ಹಲ್ಲು ಬಿತ್ತಂತಲ್ಲ, ಹೊಸದು ಬಂತಾ? ನನ್ನ ಎಡಗಡೆ ಮಂಡಿ ಇದ್ದ ಹಾಗೇ ಇದೆ. ಆಸ್ಪತ್ರೆಯಿಂದ ಕಾಗದ ಬಂದಿದೆ, ಏಪ್ರಿಲ್‌ನಲ್ಲಿ ನೋಡುತ್ತಾರಂತೆ. ಅದಕ್ಕೆ ಎರಡು ಬಸ್ಸು ಬದಲಾಯಿಸಿ ಹೋಗಬೇಕು, ಇರಲಿ, ಅದು ಹೊಸ ಕಥೆಯೇನೂ ಅಲ್ಲ.

ಫೋನು ಮಾಡದೆ ಯಾಕೆ ಕಾಗದ ಬರೆಯುತ್ತಿದ್ದಾಳೆ ಮುದುಕಿ ಅಂತ ನಿನಗೆ ಅನ್ನಿಸುತ್ತೆ. ಫೋನಿನಲ್ಲಿ ನೀನೇ ಗೆಲ್ಲುತ್ತೀಯ, ಅದಕ್ಕೆ. ನಾನೊಂದು ಮಾತು ಶುರು ಮಾಡುವಷ್ಟರಲ್ಲಿ ನೀನು ನಾಲ್ಕು ಆಡಿ ಮುಗಿಸಿ, ನನ್ನ ಬಾಯಲ್ಲೇ 'ಹೌದಪ್ಪ' ಅನ್ನಿಸಿ ಇಟ್ಟುಬಿಡುತ್ತೀಯ. ನಿನ್ನೆಯೂ ಅಷ್ಟೇ. ಓಟಿನ ಲೆಕ್ಕ ಓದಿದ್ದೇ ತಡ, ಒಬ್ಬರ ಮುಖವನ್ನೂ ನೋಡದೆ ಬ್ಯಾಗು ಎತ್ತಿಕೊಂಡು ಸ್ಟೇಷನ್ನಿಗೆ ಹೊರಟೆ. ಮನೆಯಲ್ಲಿ ನಿನಗೆ ಅಂತ ಮಾಂಸದ ಪೈ ಮಾಡಿಟ್ಟಿದ್ದೆ. ಹೋಗಲಿ. ಅರವತ್ತೊಂದು, ಅರವತ್ತು. ಹಾರ್ಬಾಟಲ್ ಮುದುಕರು ಕಾಯಿಲೆ ಅಂತ ಪಾರ್ಲಿಮೆಂಟ್ ಸ್ಥಾನ ಬಿಟ್ಟ ದಿನದಿಂದ ನೀನು ಆಸೆಪಟ್ಟ ಪಕ್ಷದ ಟಿಕೆಟ್ಟು, ಒಂದೇ ಒಂದು ಓಟಿನಿಂದ ಬ್ರೆಂಡಾ ಹೆಪಲ್ ಪಾಲಾಯಿತು. ಲಂಡನ್ನಿನಲ್ಲಿ ಪಕ್ಷದ ನಾಯಕರ ಪಕ್ಕದ ಕೋಣೆಯಲ್ಲಿ ಕೂರುವವನು, ವೃದ್ಧಾಶ್ರಮದಲ್ಲಿ ಮುದುಕರಿಗೆ ಸ್ನಾನ ಮಾಡಿಸುವವಳ ಎದುರು ಸೋತ. ನಿನಗೆ ಅವಮಾನವಾಗಿದೆ, ನನಗೆ ತಿಳಿಯುತ್ತೆ. ಬೆಳಗ್ಗೆಯಿಂದ ಇಡೀ ಸಾಲಿನವರು ಬಂದು ನನಗೆ ಸಮಾಧಾನ ಹೇಳಿ ಹೋಗುತ್ತಿದ್ದಾರೆ. 'ಹೆತ್ತ ಕರುಳು, ಹೇಗೆ ತಡ್ಕೋತೀಯೋ ನಾರ್ಮಾ' ಅಂತಾರೆ. ನಾನು ಟೀ ಕೊಟ್ಟು ಕಳಿಸುತ್ತಿದ್ದೇನೆ. ನೀನು ಪಕ್ಕದ ಮನೆ ಐರೀನ್‌ಗೆ ಕಳಿಸಿದ ಮೆಸೇಜಿನ ವಿಷಯ ಕೊನೆಯಲ್ಲಿ ಬರೆಯುತ್ತೇನೆ, ಈಗ ಬೇಡ.

ಜೂನ್ ತಿಂಗಳನ್ನು ನೀನು ಮರೆತಿರಬಹುದು, ನಾನು ಮರೆತಿಲ್ಲ. ದೇಶ ಯೂರೋಪಿನ ಕೂಟದಲ್ಲಿ ಉಳಿಯಬೇಕಾ, ಹೊರಗೆ ಬರಬೇಕಾ ಅಂತ ಜನಮತ ಕೇಳುವ ಮೂರು ದಿನ ಮುಂಚೆ ನೀನು ಫೋನು ಮಾಡಿದೆ. 'ಅಮ್ಮಾ, ನಮ್ಮವರೆಲ್ಲ ಉಳಿಯೋದಕ್ಕೇ ಹಾಕ್ತಾರೆ, ಆದರೆ ಮನೆ ಬಿಟ್ಟು ಏಳೋದಿಲ್ಲ. ಕೆಂಪು ಗೆರೆ ಪಟ್ಟಿ ತೆಗಿ, ಒಬ್ಬರನ್ನೂ ಬಿಡದೆ ಮತಗಟ್ಟೆಗೆ ತಲುಪಿಸು' ಅಂದೆ. ನಿನ್ನ ತಾತನ ಕಾಲದಿಂದ ಬಂದ ಪಟ್ಟಿ ಅದು. ಯಾವ ಮನೆ ನಮ್ಮ ಪಕ್ಷದ್ದೋ ಅದರ ನಂಬರಿನ ಕೆಳಗೆ ಕೆಂಪು ಪೆನ್ಸಿಲಿನಲ್ಲಿ ಒಂದು ಗೆರೆ. ಗೆರೆ ಎಳೆದ ಮನೆಯವರನ್ನು ನಾವು ಯಾವತ್ತೂ ಯಾರಿಗೆ ಹಾಕ್ತೀರಿ ಅಂತ ಕೇಳಿದವರಲ್ಲ. ನಲವತ್ತು ವರ್ಷ ಬಾಳಿದ ಗಂಡನನ್ನು 'ನೀನು ಯಾರು' ಅಂತ ಕೇಳಿದ ಹಾಗಾಗುತ್ತೆ ಅದು. ಬಾಗಿಲು ತಟ್ಟೋದು, 'ಹೋಗಿ ಬಂದ್ರಾ?' ಅನ್ನೋದು, ಇಲ್ಲ ಅಂದರೆ ಕಾರಿಗೆ ಹತ್ತಿಸೋದು, ಅಷ್ಟೇ. ನಿಮ್ಮಪ್ಪ ಸಾಯೋ ವರ್ಷವೂ ಆಮ್ಲಜನಕದ ಸಿಲಿಂಡರು ಪಕ್ಕದಲ್ಲಿಟ್ಟುಕೊಂಡೇ ಆ ಪಟ್ಟಿ ತಿದ್ದಿ ಕೊಟ್ಟರು. ನಾನು ನಿನ್ನನ್ನು ಒಂದು ಮಾತು ಕೇಳಿದೆ, ನೆನಪಿದೆಯಾ? ಕಾರ್ಮಿಕರ ಕ್ಲಬ್ಬಿನಲ್ಲಿ ಜನ ಬೇರೆ ಥರ ಮಾತಾಡ್ತಾರಲ್ಲೋ, ಒಂದು ಸಲ ಕೇಳಿ ನೋಡಲಾ ಅಂದೆ. ನೀನು ನಕ್ಕೆ. 'ಬಾಯಲ್ಲಿ ಬೈತಾರೆ, ಮತಗಟ್ಟೆಯಲ್ಲಿ ಪೆನ್ಸಿಲ್ ಹಿಡಿದಾಗ ನಮ್ಮವರೇ ಅಮ್ಮಾ' ಅಂದೆ.

ಓಟಿನ ದಿನ ನಾನೂ ಐರೀನೂ ಬೆಳಗ್ಗೆ ಏಳು ಗಂಟೆಗೆ ಶುರು ಮಾಡಿದೆವು. ಅವಳು ಬಾಗಿಲು ತಟ್ಟುತ್ತಿದ್ದಳು, ನಾನು ಶಾಖೆಯ ಬಾಡಿಗೆ ಕಾರು ಓಡಿಸುತ್ತಿದ್ದೆ. ಮೂರನೇ ಸುತ್ತಿನಲ್ಲಿ ಟ್ಯುಲಿಪ್ ಅಜ್ಜಿಯನ್ನು ವಾಪಸು ಕರಕೊಂಡು ಬರುವಾಗ ಆಕೆ ನನ್ನ ಕೈ ತಟ್ಟಿ, 'ನಿಂಗೆ ಪುಣ್ಯ ಬರ್ಲಿ ಕಣಮ್ಮ, ನೀನಿಲ್ದಿದ್ರೆ ಹೋಗ್ತಾನೇ ಇರ್ಲಿಲ್ಲ. ಹೊರಗೆ ಅಂತ ಒತ್ತಿ ಬರೆದು ಬಂದೆ, ಲಂಡನ್ನಿನವ್ರಿಗೆ ಒಂದ್ಸಲ ಕಿವಿ ಕೇಳಿಸ್ಲಿ' ಅಂದಳು. ಅವಳನ್ನು ಇಳಿಸಿ ಮತ್ತೆ ಹೊರಟೆ. ಮುಂದಿನ ಸುತ್ತಿನಲ್ಲಿ ನಾಲ್ಕು ಜನ, ನಾಲ್ಕೂ ಹೊರಗೆ. ಹೊಲಿಗೆ ಕಾರ್ಖಾನೆ ಮುಚ್ಚಿ ಹಂಗೇರಿಗೆ ಹೋದಾಗ ಕೆಲಸ ಕಳಕೊಂಡ ಹೆಂಗಸರು, ಹೆರಿಗೆ ವಾರ್ಡು ಮುಚ್ಚಿದ ಮೇಲೆ ಸೊಸೆಯನ್ನು ಇಪ್ಪತ್ತು ಮೈಲಿ ದೂರ ಕರಕೊಂಡು ಹೋಗಬೇಕಾದವರು. ಮಧ್ಯಾಹ್ನದ ಹೊತ್ತಿಗೆ ನನಗೆ ಎಲ್ಲ ತಿಳಿದುಹೋಗಿತ್ತು. ನಿಲ್ಲಿಸಬಹುದಾಗಿತ್ತು, ಕಾರು ಕೆಟ್ಟಿತು ಅಂತ ಸುಳ್ಳು ಹೇಳಬಹುದಾಗಿತ್ತು, ಐರೀನ್ ಹಾಗೇ ಅಂದಳು ಕೂಡ. ಆದರೆ ಕೋಟು ಹಾಕಿಕೊಂಡು ಬಾಗಿಲಲ್ಲಿ ಕಾಯುತ್ತಾ ಕೂತ ಮುದುಕಿಯನ್ನು, ನಿನ್ನ ಓಟು ನಮಗೆ ಬೇಡ, ಮನೇಲಿರು ಅನ್ನೋಕೆ ನನ್ನಿಂದ ಆಗಲಿಲ್ಲ. ರಾತ್ರಿ ಒಂಬತ್ತರವರೆಗೂ ಓಡಿಸಿದೆ. ನಾನು ಮಾತ್ರ ಉಳಿಯೋದಕ್ಕೇ ಹಾಕಿದೆ, ಅದೂ ನೀನು ಹೇಳಿದ್ದಕ್ಕೆ. ನನ್ನೊಂದು ಓಟು ಆ ಕಡೆ, ನಾನು ಹೊತ್ತು ತಂದ ನೂರಿಪ್ಪತ್ತು ಈ ಕಡೆ.

ಮಾರನೇ ದಿನ, ಹೊರಗೆ ಅನ್ನೋದೇ ಗೆದ್ದ ಮೇಲೆ, ಕ್ಲಬ್ಬಿನಲ್ಲಿ ಟಿವಿ ಹಾಕಿದ್ದರು. ಅದರಲ್ಲಿ ನೀನು ಬಂದೆ, ನೀಲಿ ಟೈ, ಚೆನ್ನಾಗಿ ಕಾಣುತ್ತಿದ್ದೆ. ಎಲ್ಲರೂ 'ಶ್, ನಮ್ಮ ಕ್ರೇಗು' ಅಂತ ಸುಮ್ಮನಾದರು. ಆಗ ನೀನು ಅಂದೆಯಲ್ಲ, 'ನಾನು ಬೆಳೆದ ಊರಿನಂಥ ಊರುಗಳ ಜನಕ್ಕೆ ತಾವು ಯಾತಕ್ಕೆ ಓಟು ಹಾಕ್ತಿದೀವಿ ಅನ್ನೋದೇ ಗೊತ್ತಿರಲಿಲ್ಲ.' ಯಾರೂ ಕೂಗಾಡಲಿಲ್ಲ. ಟ್ಯುಲಿಪ್ ಅಜ್ಜಿ ನನ್ನ ಕಡೆ ತಿರುಗಿ, 'ನಾನು ಕನ್ನಡಕ ಹಾಕ್ಕೊಂಡೇ ಹೋಗಿದ್ನಲ್ಲೇ ನಾರ್ಮಾ' ಅಂದಳು, ಅಷ್ಟೇ. ಆಮೇಲೆ ಬೇಸಿಗೆ ಪೂರ್ತಿ ನೀವು ನಿಮ್ಮ ನಿಮ್ಮಲ್ಲೇ ಕಿತ್ತಾಡಿದಿರಿ. ಮನೆಗೆ ಬೆಂಕಿ ಬಿದ್ದಾಗ ಯಜಮಾನ ಯಾರು ಅಂತ ಜಗಳವಾಡಿದರಂತೆ, ಹಾಗೆ. ನಾಯಕರನ್ನು ಇಳಿಸಬೇಕು ಅನ್ನೋರು ಒಂದು ಕಾಗದ ಕಳಿಸಿದರು, ಉಳಿಸಬೇಕು ಅನ್ನೋರು ಎರಡು. ಮೂರರಲ್ಲೂ ದೇಶದ ಉತ್ತರ ಭಾಗದವರ ನೋವು ನಮಗೆ ಕೇಳಿಸಿದೆ ಅಂತ ಬರೆದಿತ್ತು. ಕೇಳಿಸಿಕೊಳ್ಳೋಕೆ ಒಬ್ಬ ನರಪಿಳ್ಳೆಯೂ ಈ ಕಡೆ ಬರಲಿಲ್ಲ. ನಾಯಕರು ಬಂದರೆ ಊರಿನ ಸಭಾಭವನದಲ್ಲಿ ಊಟ ಹಾಕೋಣ ಅಂತ ನಾನೇ ನಿನಗೆ ಹೇಳಿ ಕಳಿಸಿದ್ದೆ. ಶಾಲೆಯಲ್ಲಿ ಮುನ್ನೂರು ಮಕ್ಕಳಿಗೆ ಬೇಯಿಸಿ ಹಾಕಿದವಳು ನಾನು, ನಾಯಕರಿಗೆ ಒಂದು ತಟ್ಟೆ ಭಾರವಾಗುತ್ತಿತ್ತಾ? 'ಈಗ ಆ ಊರು ನಮಗೆ ಒಳ್ಳೆ ಚಿತ್ರ ಕೊಡೋದಿಲ್ಲ ಅಮ್ಮಾ' ಅಂದೆ ನೀನು.

ಈಗ ನಿನ್ನೆಯ ವಿಷಯ. ನೀನು ಮಾತು ಶುರು ಮಾಡಿದಾಗ ನನಗೆ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ. ಅಪ್ಪನ ಹೆಸರು ಹೇಳಿದೆ, ಗಣಿ ಮುಷ್ಕರದ ವರ್ಷ ನಾನು ಸೂಪು ಬಡಿಸಿದ್ದು ಹೇಳಿದೆ, ಹಿಂದಿನ ಸಾಲಿನಲ್ಲಿ ಗಂಡಸರೂ ಕಣ್ಣೊರೆಸಿಕೊಂಡರು. ಬ್ರೆಂಡಾ ಎರಡೇ ನಿಮಿಷ ಮಾತಾಡಿದ್ದು. 'ನಾನು ಹೊರಗೆ ಅಂತ ಹಾಕಿದೆ, ನಿಮ್ಮಲ್ಲಿ ಅರ್ಧ ಜನ ಬೈದ್ರಿ, ಬೈಸ್ಕೊಂಡೆ. ಸೋಮವಾರ ಬೆಳಗ್ಗೆ ಆರಕ್ಕೆ ಡ್ಯೂಟಿ, ನಂಗೆ ಭಾಷಣ ಬರೋಲ್ಲ' ಅಂತ ಕೂತುಬಿಟ್ಟಳು. ಟಿಕೆಟ್ಟು ನಿನ್ನ ಜೇಬಿಗೇ ಬಂದಿತ್ತು ಮಗನೇ. ಆಗ ಐರೀನ್ ಎದ್ದಳು. ನಿನ್ನನ್ನು ಸಿಕ್ಕಿಸಬೇಕು ಅಂತ ಅಲ್ಲ, ಐದು ತಿಂಗಳಿಂದ ಅವಳ ಹೊಟ್ಟೆಯಲ್ಲಿ ಕುದೀತಿದ್ದ ಮಾತು ಅದು. ಲಂಡನ್ನಿನ ಪಕ್ಷದ ಕಚೇರಿ ಒಂದು ವರದಿ ಮಾಡಿ, ಇಲ್ಲಿ ಸೋತಿದ್ದು ರೇವನ್ಸ್‌ಹೋಪ್ ಶಾಖೆಯ ಅಸಮರ್ಥತೆಯಿಂದ ಅಂತ ಬರೆದಿದೆಯಲ್ಲಪ್ಪಾ, ಅವತ್ತು ಆ ಪಟ್ಟಿ ಹಿಡಿದು ಎಲ್ಲರನ್ನೂ ಎಬ್ಬಿಸಿ ಅಂತ ಹೇಳಿದ್ದು ಯಾರು ಅಂತ ಕೇಳಿದಳು. ನೀನು ನನ್ನ ಕಡೆ ಒಂದು ಸಲ ನೋಡಿದೆ. ನೋಡಿ, ಆಮೇಲೆ ಹೇಳಿದೆ: 'ಸ್ಥಳೀಯ ಕಾರ್ಯಕರ್ತರು, ವಯಸ್ಸಾದವರು, ಒಳ್ಳೆ ಮನಸ್ಸಿನಿಂದಲೇ ಹಳೇ ಪಟ್ಟಿ ಬಳಸಿದರು. ಅವರನ್ನು ದೂರೋದು ಬೇಡ.'

ದೂರೋದು ಬೇಡ ಅಂತೆ! ಎಷ್ಟು ದೊಡ್ಡ ಮನಸ್ಸಪ್ಪ ನಿಂದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಿಮ್ಮ ಕಚೇರಿಯವರಿಗೆ ನೆಲವೂ ನಾವೇ, ಡೊಂಕೂ ನಾವೇ. ತಪ್ಪನ್ನು ನನ್ನ ತಲೆಗೆ ಕಟ್ಟಿ, ಅದೇ ಉಸಿರಿನಲ್ಲಿ ಕ್ಷಮಿಸಿಯೂ ಬಿಟ್ಟೆ. ನಾನು ಎದ್ದು ನಿಂತು ನೀನೇ ಹೇಳಿದ್ದು ಅನ್ನಬಹುದಾಗಿತ್ತು. ಐರೀನ್‌ಗೂ ಗೊತ್ತಿತ್ತು, ನಾನೇ ಹೇಳಲಿ ಅಂತ ನನ್ನ ಮುಖ ನೋಡಿದಳು. ಎಲ್ಲರೆದುರು ಮಗನನ್ನು ಸುಳ್ಳುಗಾರ ಅಂತ ಹೇಗೆ ಹೇಳಲಿ? ತಲೆ ತಗ್ಗಿಸಿ ಕೂತೆ. ಐವತ್ತು ವರ್ಷ ಈ ಪಕ್ಷಕ್ಕೆ ದುಡಿದು ಆ ಭವನದಲ್ಲಿ ತಲೆ ತಗ್ಗಿಸಿದ್ದು ಅದೇ ಮೊದಲು. 'ನಾನೇ ಅಮ್ಮನಿಗೆ ಹೇಳಿದೆ, ಅವಳು ಕೇಳಿ ನೋಡ್ತೀನಿ ಅಂದಳು, ನಾನು ಬೇಡ ಅಂದೆ, ನಂದು ತಪ್ಪಾಯಿತು' ಅಂತ ನೀನು ಅಂದಿದ್ದರೆ ಇಡೀ ಸಭೆ ಎದ್ದು ನಿಂತು ನಿನಗೆ ಟಿಕೆಟ್ಟು ಕೊಡುತ್ತಿತ್ತು ಕಣೋ. ನಮ್ಮ ಜನಕ್ಕೆ ಸೋತವರ ಮೇಲೆ ಸಿಟ್ಟಿಲ್ಲ. ನಾವು ಸೋತು ಸೋತು ರೂಢಿಯಾದವರು. ಯೂರೋಪಿನಲ್ಲಿ ಇದ್ದರೆಷ್ಟು ಬಿಟ್ಟರೆಷ್ಟು, ಅದರ ಮೇಲೂ ಅವರಿಗೆ ಅಷ್ಟು ಸಿಟ್ಟಿಲ್ಲ. ತಮ್ಮ ಮನೆಯಲ್ಲೇ ಉಂಡು ಬೆಳೆದವರು ತಮ್ಮನ್ನು ದಡ್ಡರು ಅಂತಾರಲ್ಲ, ಅದಕ್ಕೆ ಸಿಟ್ಟು.

ನೀನು ಕೆಟ್ಟವನಲ್ಲ, ನನಗೆ ಗೊತ್ತು. ಒಂಬತ್ತು ವರ್ಷದವನಿದ್ದಾಗ ಪಕ್ಕದ ಮನೆಯ ಕಿಟಕಿ ಒಡೆದು, ನಿನ್ನಷ್ಟಕ್ಕೆ ನೀನೇ ಹೋಗಿ ಐರೀನ್‌ಗೆ ಹೇಳಿ ಬಂದವನು. ಆ ಹುಡುಗ ಯಾವ ಸ್ಟೇಷನ್ನಿನಲ್ಲಿ ಇಳಿದು ಹೋದನೋ. ಇನ್ನೊಂದು ಊರಿನಲ್ಲಿ ಟಿಕೆಟ್ಟು ಸಿಕ್ಕೇ ಸಿಗುತ್ತೆ, ನಿಮ್ಮ ಕಚೇರಿಯವರು ನಿನ್ನನ್ನು ಬಿಟ್ಟುಕೊಡೋದಿಲ್ಲ. ಸಿಕ್ಕಿದರೆ ಅಲ್ಲಿಯ ಮುದುಕಿಯರು ಏನಾದರೂ ಕೇಳಿ ನೋಡ್ತೀವಿ ಅಂದಾಗ, ಕೇಳಿ ನೋಡಲಿ ಬಿಡು.

ಫ್ರಾನ್ಸಿಸ್ಕಾಗೆ ನನ್ನ ನೆನಪು ಹೇಳು. ಇಡಾಗೆ ಎರಡು ಕೆನ್ನೆಗೂ ಮುತ್ತು. ದೇವರು ನಿಮ್ಮ ಮೂವರನ್ನೂ ಬೆಚ್ಚಗಿಟ್ಟಿರಲಿ, ನಿನಗೆ ಒಳ್ಳೆ ಕೋಟನ್ನೂ ಒಳ್ಳೆ ಬುದ್ಧಿಯನ್ನೂ ಕೊಡಲಿ.

ನಿನ್ನ ಅಮ್ಮ,
ನಾರ್ಮಾ ಸ್ಟಾಬ್ಸ್

ತಾ.ಕ.: ಲಕೋಟೆ ಅಂಟಿಸಿ ಆಗಿತ್ತು, ಮತ್ತೆ ಹರಿದೆ. ಮೆಸೇಜಿನ ವಿಷಯ ಬರೆಯುತ್ತೇನೆ ಅಂದು ಬರೆಯದೆ ತಪ್ಪಿಸಿಕೊಂಡಿದ್ದೆ. 'ಆ ಒಂದು ಓಟು ನಿಮ್ಮದೇ ಅಂತ ಗೊತ್ತು ಆಂಟಿ, ಇನ್ನು ಅಮ್ಮನ ಮುಖ ಹೇಗೆ ನೋಡ್ತೀರಿ' ಅಂತ ಬರೆದಿದ್ದೀಯ. ಅದನ್ನು ಬೆಳಗ್ಗೆ ನನಗೆ ತೋರಿಸಿ ಐರೀನ್ ಅತ್ತಳು. ಐರೀನ್ ನಿನಗೇ ಹಾಕಿದಳು ಕ್ರೇಗ್. ಚೀಟಿ ಮಡಿಸುವ ಮುಂಚೆ ನನಗೆ ತೋರಿಸಿದಳು, ತೋರಿಸಬಾರದು, ಆದರೂ ತೋರಿಸಿ, 'ಎಷ್ಟಾದ್ರೂ ನಮ್ಮ ಹುಡ್ಗ ಕಣೆ' ಅಂದಳು. ನನ್ನ ಚೀಟಿ ಅವಳಿಗೆ ತೋರಿಸಲಿಲ್ಲ. ಬ್ರೆಂಡಾಗೆ ಹಾಕಿದವಳು ನಾನು. ಐರೀನ್‌ಗೆ ಇನ್ನೂ ಹೇಳಿಲ್ಲ, ಮೊದಲು ನಿನಗೆ ಗೊತ್ತಾಗಲಿ ಅಂತ. ಅವಳಿಗೆ ಫೋನು ಮಾಡಿ ಕ್ಷಮೆ ಕೇಳು. ನನ್ನನ್ನು ಕೇಳಬೇಕಾಗಿಲ್ಲ, ನಾನೂ ನಿನ್ನನ್ನು ಕೇಳುವುದಿಲ್ಲ.