ನನ್ನ ಮಗಳ ಕೈಗೆ ಹಲಗೆ ಕೊಟ್ಟ ಸಮಾನತೆ

ಮಾನ್ಯ ಶಿಕ್ಷಣಾಧಿಕಾರಿಗಳೇ,

ಬರುವ ಮಕ್ಕಳ ದಿನಾಚರಣೆಗೆ ಹರಿಹರದಲ್ಲಿ ನಡೆಯುವ ಶಾಲಾ ಮೆರವಣಿಗೆಯ ಮುಂದೆ ನನ್ನ ಮಗಳು ಮೀನಾಕ್ಷಿ ಹಲಗೆ ಬಾರಿಸಬೇಕೆಂದು ತಾವು ಅಪೇಕ್ಷೆಪಟ್ಟಿದ್ದೀರಂತೆ. ಅವಳು ಬಾರಿಸುವುದು ನನಗೆ ಬೇಡ. ಹಾಗೆಂದು ಹೇಳಲು ಅವಳ ಶಾಲೆಗೆ ಹೋದೆ. "ಸಾಹೇಬರ ಅಪೇಕ್ಷೆ, ನಾವೇನು ಮಾಡುವುದು?" ಎಂದರು. ತಮ್ಮ ಕಚೇರಿಗೆ ಬಂದೆ. "ಸಾಹೇಬ್ರು ಮೀಟಿಂಗ್‌ನಾಗ ಅದಾರೆ, ನೀವು ಶಾಲಿಯೋರನ್ನ ಕೇಳ್ರಿ" ಎಂದರು. ಎರಡೂ ಕಡೆ ಕುರ್ಚಿ ಕೊಟ್ಟು ಕೂರಿಸಿದರು, ಎರಡೂ ಕಡೆ ನಗುನಗುತ್ತಲೇ ಮಾತಾಡಿದರು. ಜಗಳ ಆಡೋಣವೆಂದರೆ ಎದುರಿಗೆ ಒಬ್ಬರೂ ಸಿಗಲಿಲ್ಲ. ಅದಕ್ಕೇ ಊರೆಲ್ಲ ಓದುವ ಹಾಗೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಾನು ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡವನು. ಬಿ.ಎ. ಓದಿದ್ದೇನೆ. ಓದಿನಿಂದ ಆದ ಲಾಭವೆಂದರೆ ಇಂಥ ಪತ್ರ ಬರೆಸಲು ಇನ್ನೊಬ್ಬರ ಕೈಕಾಲು ಹಿಡಿಯಬೇಕಾಗಿಲ್ಲ, ಅಷ್ಟೇ. ಮಗಳು ಓದುವ ಕಾನ್ವೆಂಟಿನ ಮಕ್ಕಳಿಗೆ ಯೂನಿಫಾರಂ ಹೊಲಿಯುವವನೂ ನಾನೇ. ಒಂದೇ ತಾನಿನಿಂದ ನೀಲಿ ಬಟ್ಟೆ ಕತ್ತರಿಸಿ, ಜವಳಿ ಅಂಗಡಿಯವರ ಮಗಳಿಗೂ ಹಮಾಲರ ಮಗಳಿಗೂ ಒಂದೇ ನಮೂನೆ ಹೊಲಿದು ಕೊಡುತ್ತೇನೆ. ಅದನ್ನು ತೊಟ್ಟು ಮಕ್ಕಳು ಸಾಲಾಗಿ ನಿಂತರೆ ಯಾರು ಯಾರ ಪೈಕಿ ಎಂದು ಹೊಲಿದ ನನಗೇ ತಿಳಿಯುತ್ತಿರಲಿಲ್ಲ. ಸಮಾನತೆ ಎಂದರೆ ಇದೇ ಎಂದು ನಾನು ತಿಳಿದಿದ್ದೆ. ತಪ್ಪು ತಿಳಿದಿದ್ದೆ ಎಂದು ಈ ವರ್ಷ ಗೊತ್ತಾಯಿತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಹಾಗೆ ಆ ಯೂನಿಫಾರಂ ಬಿಚ್ಚಿಸಿ, ಸಮಾನತೆ ಎಲ್ಲಿದೆ ಎಂದು ಹುಡುಕಲು ಮಕ್ಕಳನ್ನು ಬೀದಿಗೆ ಕರೆದುಕೊಂಡು ಹೋದರು.

ಕ್ರೈಸ್ತರಲ್ಲದ ನಾನು ಮಗಳನ್ನು ಆ ಶಾಲೆಗೇ ಏಕೆ ಸೇರಿಸಿದೆ ಎಂದು ತಾವು ಕೇಳಬಹುದು. ಇಂಗ್ಲಿಷಿನ ಆಸೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಕಾರಣ ಇನ್ನೊಂದಿದೆ. ಚಿಕ್ಕಂದಿನಲ್ಲಿ ನನಗೆ ಜ್ವರ ಬಿಡದೆ ಇದ್ದಾಗ ಅವ್ವ ದುರುಗವ್ವ ನನ್ನನ್ನು ಹೆಗಲ ಮೇಲೆ ಹಾಕಿಕೊಂಡು ಹರಿಹರದ ಮಾತೆಯ ಚರ್ಚಿಗೆ ಹೋಗಿದ್ದಳಂತೆ. ಅಲ್ಲಿ ಬಿಳಿ ಬಟ್ಟೆಯ ಒಬ್ಬ ಸಿಸ್ಟರು ತಮ್ಮ ಲೋಟದಲ್ಲೇ ನೀರು ಕುಡಿಸಿ, ನನ್ನ ತಲೆಯ ಮೇಲೆ ಕೈಯಿಟ್ಟು ನಿಂತರಂತೆ. "ಯಾರ ಪೈಕಿ ಅಂತ ಕೇಳ್ಲೇ ಇಲ್ಲಪ್ಪ" ಎಂದು ಅವ್ವ ಇಂದಿಗೂ ಹೇಳುತ್ತಾಳೆ. ಜ್ವರ ಬಿಟ್ಟಿತೋ ಇಲ್ಲವೋ ಅವಳಿಗೆ ನೆನಪಿಲ್ಲ. ಕೇಳಲಿಲ್ಲ ಎನ್ನುವುದು ನೆನಪಿದೆ. ಕೇಳದ ಜನ ನಡೆಸುವ ಶಾಲೆ ಎಂಬ ಒಂದೇ ಧೈರ್ಯದಿಂದ ಮೀನಾಕ್ಷಿಯನ್ನು ಅಲ್ಲಿ ಬಿಟ್ಟೆ.

ಈ ಜುಲೈನಲ್ಲಿ ಆ ಶಾಲೆಯೂ ಕೇಳಿತು. ಸ್ವಾತಂತ್ರ್ಯಕ್ಕೆ ಐವತ್ತು ತುಂಬುತ್ತದೆ, 'ವಿವಿಧತೆಯಲ್ಲಿ ಏಕತೆ' ಎಂದು ಮೆರವಣಿಗೆ ತೆಗೆಯೋಣ, ಪ್ರತಿ ಮಗುವೂ ತನ್ನ ಮನೆತನದ ಉಡುಪು ತೊಟ್ಟು, ತನ್ನ ಜನರ ಗುರುತಿನದೊಂದು ವಸ್ತು ಹಿಡಿದು ಬರಲಿ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾಲ್ಕನೇ ತರಗತಿಯ ಮಕ್ಕಳು ಮನೆಗೆ ಬಂದು "ನಾವು ಯಾರು?" ಎಂದು ಕೇಳಿದವು. ಮಾರನೆಯ ದಿನದಿಂದ ನನ್ನ ಅಂಗಡಿಯಲ್ಲಿ ನೂಕುನುಗ್ಗಲು. ಬಡೇಸಾಬರ ಮೊಮ್ಮಗಳಿಗೆ ಶರಾರ ಹೊಲಿದೆ. ಮೀನಾಕ್ಷಿಯ ಗೆಳತಿ ರಶ್ಮಿತಾಗೆ ಇಳಕಲ್ ಸೀರೆ ಕತ್ತರಿಸಿ ಲಂಗ ಜಾಕೀಟು ಹೊಲಿದೆ. ಅವಳು ಮೆರವಣಿಗೆಗೆ ಹಣೆಗೆ ವಿಭೂತಿ, ಕೊರಳಿಗೆ ಲಿಂಗದ ಬೆಳ್ಳಿ ಕರಡಿಗೆ ಧರಿಸಿ ಬರುವವಳಿದ್ದಳು. ಎಲ್ಲರದೂ ಮುಗಿದ ಮೇಲೆ ನನ್ನ ಮಗಳು ಮಷೀನಿನ ಪಕ್ಕ ಬಂದು ನಿಂತಳು.

"ಅಪ್ಪಾ, ನಮ್ದು ಯಾವ ಡ್ರೆಸ್ಸು?"

 ಅಲ್ಲೇ ಗುಂಡಿ ಹಚ್ಚುತ್ತಿದ್ದ ಅವ್ವ ನಕ್ಕಳು. "ನಮ್ದೇನವ್ವ ಬ್ಯಾರೆ ಡ್ರೆಸ್ಸು? ಗೌಡ್ರ ಮನಿಯೋರು ಉಟ್ಟು ಬಿಟ್ಟಿದ್ದ ಸೀರೇನೇ ನಮ್ ಸೀರೆ."

ಮಾನ್ಯರೇ, ನಾವು ಮಾದಿಗರು. ಇಷ್ಟು ದಿನ ಇದನ್ನು ನಮ್ಮ ಬೆನ್ನ ಹಿಂದೆ ಬೇರೆಯವರು ಹೇಳುತ್ತಿದ್ದರು, ಇವತ್ತು ನಾನೇ ಬರೆಯುತ್ತಿದ್ದೇನೆ. ಉಳಿದವರಿಗೆಲ್ಲ ಉಡುಪು ಎಂಬುದೊಂದು ಇತ್ತು. ನಮ್ಮದನ್ನು ಯಾವ ಬಟ್ಟೆಯಲ್ಲಿ ಕತ್ತರಿಸಲಿ? ಅದನ್ನೇ ಕೇಳಲು ಶಾಲೆಯ ಮುಖ್ಯಸ್ಥೆ ಸಿಸ್ಟರ್ ಬಳಿ ಹೋದೆ. ಕರಾವಳಿ ಕಡೆಯವರು, ಮೃದು ಮಾತಿನವರು. "ನೀವು ನಾಚಿಕೆಪಟ್ಟುಕೊಳ್ಳಬಾರದು. ದೇವರ ದೃಷ್ಟಿಯಲ್ಲಿ ಎಲ್ಲ ಕೆಲಸವೂ ಸಮಾನ. ನಿಮ್ಮ ಜನರ ಹಲಗೆ ವಾದ್ಯ ಎಷ್ಟು ಚಂದ ಉಂಟು! ಮೀನಾಕ್ಷಿ ಅದನ್ನು ಬಾರಿಸಲಿ, ಮೆರವಣಿಗೆಯ ಮುಂದೆಯೇ ಬರಲಿ," ಎಂದರು. ನನಗೆ ಬಿಸಿತುಪ್ಪ ಬಾಯಲ್ಲಿಟ್ಟ ಹಾಗಾಯಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಗೌರವ ಕೊಡುತ್ತಿದ್ದೇನೆಂದು ನಂಬಿದವರಿಗೆ ಏನೆನ್ನಲಿ?

ನನ್ನ ಅಪ್ಪ ಗೋಣೆಪ್ಪನ ವಿಷಯ ಆ ಸಿಸ್ಟರ್‌ಗೆ ಗೊತ್ತಿರಲಿಲ್ಲ, ತಮಗೂ ಗೊತ್ತಿಲ್ಲ. ಮಾಯಕೊಂಡದಲ್ಲಿ ಯಾರೇ ಸತ್ತರೂ ಅಂಗಳದಾಚೆ ನಿಂತು ಕೂಗುತ್ತಿದ್ದರು: "ಏ ಗೋಣ್ಯಾ, ಹಲಗಿ ತಗಂಡು ಬಾರಲೇ!" ಉಣ್ಣುತ್ತಿದ್ದರೂ ಏಳಬೇಕು, ಮೈ ಸುಡುತ್ತಿದ್ದರೂ ಏಳಬೇಕು. ಒಲ್ಲೆ ಎನ್ನುವಂತಿರಲಿಲ್ಲ. ಮಗ ಆ ಕೂಗಿಗೆ ಓಗೊಡಬಾರದೆಂದು ಅಪ್ಪ ಹಲಗೆಯನ್ನು ಅಲ್ಲೇ ಗೂಟಕ್ಕೆ ನೇತುಹಾಕಿ, ದಾವಣಗೆರೆಗೆ ಬಂದು ಹತ್ತಿ ಮಿಲ್ಲು ಸೇರಿದ. ನಮ್ಮ ಮನೆಯಲ್ಲಿ ಆಮೇಲೆ ಹಲಗೆಯ ಮಾತೇ ಇಲ್ಲ. ನಾನು ಅದನ್ನು ಕೈಯಲ್ಲಿ ಹಿಡಿದವನೂ ಅಲ್ಲ. ನನ್ನ ಮಗಳಿಗೆ ಕಲಿಸಿದವರು ಶಾಲೆಯ ಪಿ.ಟಿ. ಮಾಸ್ತರು, ಊಟದ ಬಿಡುವಿನಲ್ಲಿ, ಎಲ್ಲಿಂದಲೋ ಬಾಡಿಗೆಗೆ ತಂದ ಹಲಗೆಯ ಮೇಲೆ. ಅವಳಿಗೆ ಅದು ಇಷ್ಟವಾಯಿತು. ರಾತ್ರಿ ತಟ್ಟೆಯ ಮೇಲೂ ಬಾರಿಸುತ್ತಿದ್ದಳು. ಬೇಡವೆನ್ನಲು ನಾನು ಕಾರಣ ಹೇಳಬೇಕಾಗಿತ್ತು, ಒಂಬತ್ತು ವರ್ಷದ ಮಗುವಿಗೆ ಅದನ್ನು ಹೇಗೆ ಹೇಳುವುದೋ ತಿಳಿಯದೆ ಸುಮ್ಮನಿದ್ದೆ.

ಆಗಸ್ಟ್ ಹದಿನೈದು ಊರಿಗೆ ಎರಡೆರಡು ಹಬ್ಬ. ದೇಶಕ್ಕೆ ಐವತ್ತು ತುಂಬಿತು, ದಾವಣಗೆರೆ ಜಿಲ್ಲೆಯಾಯಿತು. ಊರಿಗೆ ಜಿಲ್ಲೆ ಸಿಕ್ಕ ದಿನವೇ ನನ್ನ ಮಗಳಿಗೆ ಜಾತಿ ಸಿಕ್ಕಿತು. ಅವಳು ಮೆರವಣಿಗೆಯ ಮುಂದೆ ಹಲಗೆ ಬಾರಿಸುತ್ತ ಬಂದಾಗ, ಮುಖ್ಯ ಅತಿಥಿಗಳಾಗಿ ಬಂದಿದ್ದ ತಾವು ಚಪ್ಪಾಳೆ ತಟ್ಟಿದಿರಿ. ಮೈಕಿನ ಮುಂದೆ ನಿಂತು, "ಎಷ್ಟು ಚೆನ್ನಾಗಿ ಬಾರಿಸಿತು ನೋಡಿ ಈ ಮಗು! ಇದೆಲ್ಲ ರಕ್ತದಲ್ಲೇ ಬಂದಿರುತ್ತೆ," ಎಂದಿರಿ. ಜನ ಇನ್ನಷ್ಟು ಚಪ್ಪಾಳೆ ತಟ್ಟಿದರು. ನನ್ನ ಪಕ್ಕದಲ್ಲಿದ್ದ ಅಪ್ಪ ಎದ್ದು ಹೊರಟುಹೋದ. ಮನೆಗೆ ಬಂದು ನೋಡಿದರೆ ಗೋಡೆಗೆ ಒರಗಿ ಕುಳಿತಿದ್ದ. "ಮಾಯಕೊಂಡದಾಗ ಬಿಟ್ಟು ಬಂದಿದ್ದು ನಮಗಿಂತ ಮೊದ್ಲು ಇಲ್ಲಿ ಬಂದು ಕುಂತೈತೆ ನೋಡಪ್ಪ," ಎಂದ. ಆಮೇಲೆ ಮೊಮ್ಮಗಳ ಶಾಲೆಯ ಕಡೆ ಅವನು ಹೋಗಿಲ್ಲ.

ಅಂದು ಮುಂದಿನ ಸಾಲಿನಲ್ಲಿ ರಶ್ಮಿತಾಳ ಅಜ್ಜಿ ಸರ್ವಮಂಗಳಮ್ಮನವರೂ ಇದ್ದರು. ಮೀನಾಕ್ಷಿ, ರಶ್ಮಿತಾ ಒಂದನೇ ತರಗತಿಯಿಂದ ಒಂದೇ ಬೆಂಚು. ಅವಳ ಡಬ್ಬಿಯ ಚಪಾತಿ ಇವಳಿಗೆ, ಇವಳ ಡಬ್ಬಿಯ ಮಂಡಕ್ಕಿ ಒಗ್ಗರಣೆ ಅವಳಿಗೆ. ಮೆರವಣಿಗೆ ಮುಗಿದ ಮೇಲಿನ ಸೋಮವಾರ ರಶ್ಮಿತಾ ಡಬ್ಬಿ ತೆಗೆದುಕೊಂಡು ಬೇರೆ ಬೆಂಚಿಗೆ ಹೋದಳು. ಆ ಮಗುವೂ ಅಳುತ್ತಲೇ ಹೇಳಿತಂತೆ: "ನಮ್ಮಜ್ಜಿ ನಿನ್ ಡಬ್ಬ್ಯಾಗಿಂದು ತಿನ್‌ಬ್ಯಾಡ ಅಂದೈತೆ ಕಣೇ. ಯಾಕ ಅಂತ ಹೇಳ್ಲಿಲ್ಲ." ನನ್ನ ಮಗಳು ತಾನು ತಪ್ಪು ಬಾರಿಸಿದೆನೇನೋ ಎಂದುಕೊಂಡಳು. "ಅಪ್ಪಾ, ಇನ್ನೂ ಚೊಲೋ ಬಾರಿಸಿದ್ರೆ ಬರ್ತಾಳ?" ಎಂದು ಕೇಳಿದಳು. ಇದಕ್ಕೆ ಉತ್ತರ ತಮ್ಮ ಇಲಾಖೆಯ ಯಾವ ಪುಸ್ತಕದಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿ. 

ಈಗ ಹರಿಹರ. ಆಗಸ್ಟಿನ ಆ ಮೆರವಣಿಗೆ ಎಲ್ಲ ಶಾಲೆಗಳಿಗೂ ಮಾದರಿ, ಹರಿಹರದಲ್ಲೂ ಹಾಗೇ ನಡೆಯಲಿ ಎಂದು ತಾವು ಆಜ್ಞೆ ಹೊರಡಿಸಿದ್ದೀರಿ. ಅಂದು ಅಪ್ಪನನ್ನು 'ಬಾರಲೇ' ಎಂದು ಕರೆಯುತ್ತಿದ್ದರು, ಇಂದು ಮಗಳನ್ನು 'ಅಪೇಕ್ಷೆಪಟ್ಟು' ಕರೆಯುತ್ತಿದ್ದೀರಿ. ಒಲ್ಲೆ ಎನ್ನಲು ಅಂದೂ ಆಗಲಿಲ್ಲ, ಇಂದೂ ಆಗುತ್ತಿಲ್ಲ. ಐವತ್ತು ವರ್ಷದ ಪ್ರಗತಿ ನಮ್ಮ ಮನೆಯ ಮಟ್ಟಿಗೆ ಇಷ್ಟು.

ದಾರಿ ಹುಡುಕಿದವಳು ಮೀನಾಕ್ಷಿಯೇ. "ಹರಿಹರದಾಗ ನಾನು ರಶ್ಮಿತಾ ಲಂಗ ಹಾಕ್ಕಂತೀನಿ, ಅವಳು ಹಲಗೆ ಬಾರಿಸ್ಲಿ. ಆಗ ಅವರಜ್ಜಿಗೂ ಬ್ಯಾಸರ ಇರಲ್ಲ," ಎಂದಳು. ನಲ್ಲಿಯ ಹತ್ತಿರ ರಶ್ಮಿತಾಳನ್ನು ಕೇಳಿದ್ದಾಳೆ, ಅವಳು ಕುಣಿದು ಒಪ್ಪಿದ್ದಾಳೆ. ಇಬ್ಬರೂ ಹೋಗಿ ಸಿಸ್ಟರ್‌ಗೆ ಹೇಳಿದರೆ ಅವರು ಮೊದಲು ನಕ್ಕರಂತೆ, ಆಮೇಲೆ ಮುಖ ಸಣ್ಣದು ಮಾಡಿ, "ಬೇಡ ಮಕ್ಕಳೇ, ಪೋಷಕರ ಭಾವನೆಗೆ ನೋವಾಗುತ್ತದೆ," ಎಂದರಂತೆ. ನಾನೂ ಪೋಷಕನೇ ಅಲ್ಲವೇ, ಮಾನ್ಯರೇ? ಹಲಗೆ ಕಲೆ ಎನ್ನುತ್ತೀರಿ. ಕಲೆಯೇ, ಒಪ್ಪಿದೆ. ಕಲೆಯಾದರೆ ರಶ್ಮಿತಾ ಬಾರಿಸಿದಾಗ ಏಕೆ ನೋವಾಗಬೇಕು? ನೋವಾಗುವ ವಸ್ತುವಾದರೆ ನನ್ನ ಮಗಳ ಕೈಗೆ ಏಕೆ ಕೊಡಬೇಕು?

ನನ್ನ ಬೇಡಿಕೆ ಇದು. ಹರಿಹರದ ಮೆರವಣಿಗೆಯಲ್ಲಿ ಮಕ್ಕಳು ಉಡುಪು ಬದಲಾಯಿಸಿಕೊಳ್ಳಲಿ, ಯಾರಿಗೆ ಯಾವುದು ಎಂದು ಚೀಟಿ ಎತ್ತಲಿ. ಎಲ್ಲರ ಅಳತೆಯೂ ನನ್ನಲ್ಲಿದೆ, ಹೊಲಿದು ಕೊಡುತ್ತೇನೆ. ಅದಾಗದಿದ್ದರೆ ಮಕ್ಕಳನ್ನು ಯೂನಿಫಾರಂನಲ್ಲೇ ನಡೆಸಿ. ಅದೂ ಆಗದಿದ್ದರೆ ನನ್ನ ಮಗಳೊಬ್ಬಳನ್ನು ಬಿಟ್ಟುಬಿಡಿ. ಇದಾವುದೂ ಆಗುವುದಿಲ್ಲವೆಂದು ನನಗೆ ಗೊತ್ತು. ಆಜ್ಞೆ ಹೊರಟಾಗಿದೆ, ಶಾಮಿಯಾನಕ್ಕೆ ಹೇಳಿಯಾಗಿದೆ, ನನ್ನ ಮಗಳು ಇನ್ನೂ ಚೊಲೋ ಬಾರಿಸಬೇಕೆಂದು ಅಭ್ಯಾಸ ಮಾಡುತ್ತಿದ್ದಾಳೆ. ಆದ್ದರಿಂದ ಕೊನೆಯದಾಗಿ ಒಂದೇ ಒಂದನ್ನು ಕೇಳುತ್ತೇನೆ, ಇದಕ್ಕೆ ಖರ್ಚಿಲ್ಲ. ಹರಿಹರದಲ್ಲಿ ಮೈಕು ಹಿಡಿದಾಗ ರಕ್ತದ ಮಾತು ಎತ್ತಬೇಡಿ. ಇದ್ದದ್ದನ್ನು ಇದ್ದ ಹಾಗೆ ಹೇಳಿ: ಈ ಮಗುವಿನ ಮನೆಯವರು ಹಲಗೆ ಬಿಟ್ಟು ಬಹಳ ಕಾಲವಾಗಿತ್ತು, ಇವಳಿಗೆ ಅದನ್ನು ನಾವು ಶಾಲೆಯಲ್ಲಿ ಕಲಿಸಿದೆವು.

ಇಂತಿ,
ಎಲ್ಲರ ಮಕ್ಕಳಿಗೂ ಉಡುಪು ಹೊಲಿದು, ತನ್ನ ಮಗಳಿಗೆ ಹೊಲಿಯಲಾಗದ,
ಅಂಜನಕುಮಾರ, ದರ್ಜಿ
ನಿಟ್ಟುವಳ್ಳಿ, ದಾವಣಗೆರೆ (ಈಗ ಜಿಲ್ಲಾ ಕೇಂದ್ರ)
ಅಕ್ಟೋಬರ್ ೧೯೯೭