ದೀಪದ ಸುತ್ತ ನೀಲಿ ಬಳೆ

ಮನೆಯಿಂದ,
ಮಾರ್ಚ್ 9, ಭಾನುವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಕಾಗದ ಶುರು ಮಾಡಬೇಕಲ್ಲ ಎಂದು ಕೇಳುತ್ತಿಲ್ಲ, ತಿಳಿಯಬೇಕಾಗಿಯೇ ಕೇಳುತ್ತಿದ್ದೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ, ನಿದ್ದೆ ಬರುತ್ತಿದೆಯಾ, ಅತ್ತೆಯ ಅಂಗಡಿಯಲ್ಲಿ ದಿನವಿಡೀ ನಿಂತು ಕಾಲು ನೋಯುತ್ತಿಲ್ಲವಾ? ಅತ್ತೆಯ ಮಂಡಿನೋವು ಹೇಗಿದೆ? ಅವರು ಫೋನಿನಲ್ಲಿ ನಿನ್ನ ಕಣ್ಣು ತಿಳಿಯಾದದ್ದು ತಮ್ಮ ಕ್ಯಾರೆಟ್ ರಸದಿಂದಲೇ ಎಂದು ಸಾಧಿಸಿದರು. ಬೇಡ ಅನ್ನಬೇಡ, ಕುಡಿ, ಅದರಿಂದ ಯಾರಿಗೂ ಕೆಟ್ಟದ್ದಾಗಿಲ್ಲ. ಆದರೆ ನಿನ್ನ ಕಣ್ಣು ತಿಳಿಯಾಗಿದ್ದಕ್ಕೆ ಕಾರಣ ಬೇರೆ ಇದೆ. ಅದನ್ನು ಹೇಳಲೆಂದೇ ಬರೆಯುತ್ತಿದ್ದೇನೆ. ಫೋನಿನಲ್ಲಿ ಕಣ್ಣಿನ ಮಾತೆತ್ತಿದರೆ ಸಾಕು, "ಗಿರಾಕಿ ಬಂದ್ರು ಅಕ್ಕಾ, ಇಡ್ತೀನಿ" ಅನ್ನುತ್ತೀಯ. ಗಿರಾಕಿ ಬಂದರೂ ಕಾಗದ ಹಾಗೆ ಕಡಿದುಹೋಗುವುದಿಲ್ಲ. ಅವರನ್ನು ಕಳಿಸಿ ಮತ್ತೆ ಓದು.

ಅಪ್ಪ ಆರೋಗ್ಯವಾಗಿದ್ದಾರೆ. ಕಣ್ಣು ಹೋದ ಮೇಲೆ ಕಿವಿ ಎರಡು ಪಟ್ಟು ಚುರುಕಾಗಿದೆ, ನಾಲಿಗೆ ಮೂರು ಪಟ್ಟು. ಬೆಳಗಾದರೆ ರೇಡಿಯೋದಲ್ಲಿ ವಾರ್ತೆ ಓದುವವಳ ಜೊತೆ ಜಗಳ, ಸಂಜೆ ನನ್ನ ಜೊತೆ. ದಿನಕ್ಕೊಮ್ಮೆಯಾದರೂ "ಆ ಕಳ್ಳ ಯಾವಾಗ ಬರ್ತಾನಂತೆ?" ಎಂದು ಕೇಳುತ್ತಾರೆ. ಅತ್ತೆಗೆ ಅಂಗಡಿಯಲ್ಲಿ ಆಳು ಸಾಲದು, ಅದಕ್ಕೇ ಹೋಗಿದ್ದಾನೆ ಎಂದು ನೀನು ಹೇಳಿಹೋದದ್ದನ್ನೇ ನಾನೂ ಹೇಳುತ್ತಿದ್ದೆ. ಅವರು ಹೂಂ ಅನ್ನುತ್ತಿದ್ದರು. ಆ ಹೂಂ ಎಂಥದ್ದು ಎಂದು ನಿನಗೂ ಗೊತ್ತು.

ಈಗ ಸುದ್ದಿಗೆ ಬರುತ್ತೇನೆ. ನೀನು ಕಾರ್ಖಾನೆ ಬಿಟ್ಟ ಮೇಲೆ ಅಚ್ಚಿನ ಮುಚ್ಚಳ ತೆಗೆದು ಬಿಸಿ ಫೋಮ್ ಸೀಟು ಎತ್ತುವ ನಿನ್ನ ಜಾಗಕ್ಕೆ ಪೈಲ್ವಾನನನ್ನು ಹಾಕಿದರು. ಜೋರಾಗಿ ಸೀನಿದರೆ ತಾನೇ ಹಾರಿಹೋಗುವ ಆ ಕಡ್ಡಿಗೆ ಪೈಲ್ವಾನ ಎಂದು ಹೆಸರಿಟ್ಟವನು ನೀನೇ, ಮರೆತಿಲ್ಲ ತಾನೆ? ನಾನಿರುವುದು ಗೋಡೆಯಾಚೆ, ಸೀಟಿಗೆ ಹೊದಿಕೆ ಹೊಲಿಯುವ ಕಡೆ. ನಿಮ್ಮ ಫೋಮ್ ಕಡೆಯ ವಿಷಯ ನನಗೆ ತಿಳಿಯುವುದು ಚಹಾ ಹೊತ್ತಿನಲ್ಲಿ, ಇಲ್ಲವೇ ಬಸ್ಸಿಗೆ ಕಾಯುವಾಗ. ಒಂದು ಸಂಜೆ ಬಸ್ ನಿಲ್ದಾಣದಲ್ಲಿ ಪೈಲ್ವಾನ ಕಣ್ಣುಜ್ಜುತ್ತಾ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದ: "ಅಕ್ಕಾ, ನಗಬಾರದು. ಆ ಬೀದಿ ದೀಪಕ್ಕೆ ಯಾರೋ ನೀಲಿ ಬಳೆ ತೊಡಿಸಿದ ಹಾಗೆ ಕಾಣ್ತಿದೆ. ನಿಮಗೂ ಕಾಣುತ್ತಾ, ಇಲ್ಲ ನಂಗೊಬ್ಬನಿಗೇನಾ?"

ತಮ್ಮಾ, ನೀನು ಹೊರಡುವ ಮುಂಚೆ ನಮ್ಮ ಮೆಟ್ಟಿಲ ಮೇಲೆ ಕೂತು ಹೇಳಿದ ಮಾತಿದು, ಒಂದಕ್ಷರವೂ ಬದಲಾಗಿರಲಿಲ್ಲ. ಅಪ್ಪನಿಗೂ ಹೀಗೇ ದೀಪದ ಸುತ್ತ ಬಳೆ ಕಾಣಿಸಿಕೊಂಡು ಆಮೇಲಲ್ಲವೇ ಕತ್ತಲಾದದ್ದು? "ಅಪ್ಪನ ಕಣ್ಣು ನಂಗೂ ಬಂತಕ್ಕಾ" ಎಂದೆ ನೀನು. ಡಾಕ್ಟರಿಗೆ ತೋರಿಸೋಣ ಎಂದರೆ, "ಅವರು ಬಾಯಿಬಿಟ್ಟು ಹೇಳೋ ತನಕ ಆದ್ರೂ ನೆಮ್ಮದಿಯಾಗಿರ್ತೀನಿ" ಎಂದು ಪೆಟ್ಟಿಗೆ ಕಟ್ಟಿದೆ. ಆದರೆ ಪೈಲ್ವಾನ? ಅವನೇನು ನಮ್ಮ ಅಪ್ಪನ ಮಗನೇ? ನಿನಗೂ ಅವನಿಗೂ ಇರುವ ಸಂಬಂಧ ಎಂದರೆ ಇಬ್ಬರೂ ನಿಂತ ಜಾಗ ಒಂದೇ, ಅಷ್ಟೇ. "ಬೆಳಿಗ್ಗೆ ಎದ್ದಾಗಲೂ ಕಾಣುತ್ತಾ?" ಎಂದು ಅವನನ್ನು ಕೇಳಿದೆ. "ಬೆಳಿಗ್ಗೆ ಇರಲ್ಲ. ರಜಾ ದಿನಾನೂ ಇರಲ್ಲ. ಕೆಲಸ ಮುಗಿಸಿ ಹೊರಗೆ ಬಂದಾಗಲೇ ಶುರು" ಎಂದ. ಆ ಸಂಜೆ ನಾನು ಬಸ್ ಹತ್ತಲಿಲ್ಲ, ತಿರುಗಿ ಕಾರ್ಖಾನೆಯೊಳಗೆ ಹೋದೆ.

ಪ್ರಯೋಗಾಲಯದ ಕೆಮಿಸ್ಟ್ ಮೇಡಂ ಇನ್ನೂ ಇದ್ದರು. ನಾನು ಹೇಳಿದ್ದನ್ನೆಲ್ಲ ತಡೆಯದೆ ಕೇಳಿ, "ಮುಚ್ಚಳ ತೆಗೆಯೋ ಕಡೆ ಹೊಗೆ ಎಳೆಯೋ ಫ್ಯಾನ್ ಓಡ್ತಿದೆಯಾ?" ಎಂದರು. ಫ್ಯಾನು ಓಡುತ್ತಲೇ ಇತ್ತು. ಹೋಗಿ ನೋಡಿದರೆ ಅದರ ಬಾಯಿಗೆ ಅಡ್ಡವಾಗಿ ರಟ್ಟು ಸಿಕ್ಕಿಸಿತ್ತು. ಅದನ್ನು ಸಿಕ್ಕಿಸಿದ್ದು ನೀನು. ಚಳಿಗಾಲದಲ್ಲಿ ಆ ಎಳೆತಕ್ಕೆ ತಣ್ಣನೆ ಗಾಳಿ ನುಗ್ಗಿ ಅಚ್ಚು ಆರುತ್ತೆ, ಫೋಮಿನ ಮೈ ಒರಟಾಗುತ್ತೆ ಎಂದು ನೀನು ಮನೆಯಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದೆ. ರಟ್ಟು ಇಟ್ಟ ಮೇಲೆ ಮೈ ರೇಷ್ಮೆಯ ಹಾಗೆ ಬರುತ್ತಿದೆ ಅಂದಿದ್ದೆ. ನಾನು ಮೇಡಂಗೆ ಹಾಗೆಯೇ ಹೇಳಿದೆ, ಫೋಮ್ ಚೆನ್ನಾಗಿ ಬರಲಿ ಅಂತ ನನ್ನ ತಮ್ಮ ಮಾಡಿದ್ದು ಎಂದು. ಅವರು ರಟ್ಟು ಕಿತ್ತು ಕೈಯಲ್ಲಿ ಹಿಡಿದು, "ಫೋಮೇನೋ ಚೆನ್ನಾಗೇ ಬಂತು ಕಣಮ್ಮಾ" ಎಂದರು.

ಮರುದಿನ ಮಧ್ಯಾಹ್ನ ಅವರು ನನ್ನನ್ನು ಕರೆದು, ಕಣ್ಣಿಗೆ ಏನು ಹೋಗುತ್ತಿತ್ತು ಎಂದು ಬರೀ ಬಾಯಲ್ಲಿ ಹೇಳದೆ ಮಾಡಿ ತೋರಿಸಿದರು. ನನಗೂ ಕೈಗವಸು, ಕನ್ನಡಕ ಹಾಕಿಸಿ, ಎಳೆತದ ಫ್ಯಾನಿನ ಕೆಳಗೆ ನಿಲ್ಲಿಸಿದರು. ಮೂರು ಕಾಗದದ ಲೋಟ. ಮೂರರಲ್ಲೂ ಅದೇ ಎರಡು ದ್ರವ: ಒಂದು ಜೇನಿನಷ್ಟು ಮಂದ, ಅದರಲ್ಲಿ ಸ್ವಲ್ಪ ನೀರೂ ಕೂಡಿರುತ್ತದೆ, ಇನ್ನೊಂದು ಕಂದು ಬಣ್ಣದ್ದು. ಮೊದಲನೆಯದರಲ್ಲಿ ಎರಡನ್ನೂ ಬೆರೆಸಿ ಕಲಕಿ ಬಿಟ್ಟರು. ಏನೂ ಆಗಲಿಲ್ಲ. ಮುನಿಸಿಕೊಂಡ ಗಂಡ ಹೆಂಡತಿಯ ಹಾಗೆ ಒಂದೇ ಲೋಟದಲ್ಲಿ ಸುಮ್ಮನೆ ಕೂತಿದ್ದವು. ಬಿಟ್ಟರೆ ನಿಧಾನವಾಗಿ ಏನೋ ಆಗುತ್ತದಂತೆ, ಆದರೆ ಸೀಟಾಗುವುದಿಲ್ಲ. ಎರಡನೆಯದಕ್ಕೆ ಗಾಳಿ ಹುಟ್ಟಿಸುವ ವೇಗವರ್ಧಕವನ್ನಷ್ಟೇ ಒಂದೆರಡು ಹನಿ ಬಿಟ್ಟರು. ನೀವು ಅಲ್ಲಿ ಕ್ಯಾಟಲಿಸ್ಟ್ ಅನ್ನುತ್ತೀರಲ್ಲ, ಅದೇ. ಕೂಡಲೇ ಲೋಟ ಬೆಳ್ಳಗಾಯಿತು, ಉಕ್ಕಿತು, ಅಂಚು ದಾಟಿ ಎದ್ದಿತು. ನಾನು ಬಾಯಿ ತೆರೆದು ನೋಡುತ್ತಿದ್ದ ಹಾಗೆಯೇ ನಿಟ್ಟುಸಿರು ಬಿಟ್ಟು ಕುಸಿದು ತಳ ಸೇರಿತು. ಗುಳ್ಳೆ ಹುಟ್ಟಿದವು, ಆದರೆ ಅವಕ್ಕೆ ಗೋಡೆ ಗಟ್ಟಿಯಾಗಿರಲಿಲ್ಲ.

ಮೂರನೆಯದಕ್ಕೆ ಎರಡೂ ಹಾಕಿದರು, ಗಾಳಿ ಹುಟ್ಟಿಸುವುದು ಮತ್ತು ಗೋಡೆ ಗಟ್ಟಿ ಮಾಡುವುದು. ತಮ್ಮಾ, ಅದನ್ನು ಹೇಗೆ ಬರೆಯಲಿ? ಎದ್ದಿತು, ಎದ್ದು ನಿಂತಿತು. ಲೋಟದ ಮೇಲೆ ಬಿಳಿ ಟೋಪಿಯ ಹಾಗೆ ಉಬ್ಬಿ, ಇನ್ನೇನು ಬೀಳುತ್ತದೆ ಅನ್ನುವಷ್ಟರಲ್ಲಿ ಮೈಮೇಲೆಲ್ಲ ಸಣ್ಣ ಸಣ್ಣ ಗುಳ್ಳೆ ಒಡೆದು ಉಸಿರು ಬಿಟ್ಟು, ಅಲ್ಲೇ ನೆಲೆಯಾಯಿತು. ಲೋಟ ಮುಟ್ಟಿದರೆ ಬೆಚ್ಚಗಿತ್ತು, ಬೆಂಕಿಯಿಲ್ಲದೆ! ಗುಳ್ಳೆ ಬೇಗ ಒಡೆದರೆ ಕುಸಿತ. ಒಡೆಯದೇ ಉಳಿದರೆ ಆರಿದ ಮೇಲೆ ಒಳಗಿನ ಗಾಳಿ ಕುಗ್ಗಿ ಸೀಟು ಒಣದ್ರಾಕ್ಷಿಯ ಹಾಗೆ ಸುಕ್ಕು. ಗೋಡೆ ನಿಲ್ಲುವ ಹೊತ್ತಿಗೆ ಸರಿಯಾಗಿ ಕಿಟಕಿಗಳೂ ತೆರೆಯಬೇಕು, ಆಗಲೇ ಗಾಳಿ ಒಳಗೆ ಹೊರಗೆ ಓಡಾಡಿ, ಕೂತರೆ ತಗ್ಗಿ ಎದ್ದರೆ ಎದ್ದುಕೊಳ್ಳುವ ಮೆತ್ತೆಯಾಗುವುದು. ಇಷ್ಟೆಲ್ಲ ಹೊಂದಾಣಿಕೆ ಕೆಲವು ಹನಿಗಳ ಕೈಯಲ್ಲಿ. ನಾನು ಇಷ್ಟು ವರ್ಷ ಅದಕ್ಕೆ ಬಟ್ಟೆ ತೊಡಿಸಿದ್ದೇನೆ, ಅದು ಹುಟ್ಟುವುದನ್ನು ನೋಡಿರಲೇ ಇಲ್ಲ. ಮೇಡಂ ಎಷ್ಟು ಸಾವಿರ ಸಲ ನೋಡಿದ್ದಾರೋ, ಅವರೂ ಕಲಕುವ ಕಡ್ಡಿ ಹಿಡಿದು ಹಾಗೇ ನಿಂತಿದ್ದರು. "ಪ್ರತಿ ಸಲಾನೂ ನೋಡ್ಬೇಕು ಅನ್ಸುತ್ತೆ" ಎಂದರು.

ಈ ಹನಿಗಳನ್ನು ನೀನು ಮದುವೆ ದಲ್ಲಾಳಿ ಎಂದು ಕರೆಯುತ್ತಿದ್ದೆ ಎಂದು ಮೇಡಂಗೆ ಹೇಳಿದೆ. "ಎರಡು ಮನೆ ಸೇರಿಸ್ತಾನೆ, ತಾನು ಮಾತ್ರ ಯಾರಿಗೂ ಸೇರ್ದೆ ಕೊಡೆ ಎತ್ಕೊಂಡು ಹೊರಡ್ತಾನೆ" ಅನ್ನುತ್ತಿದ್ದೆಯಲ್ಲ. ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ, "ಸರಿಯಾಗೇ ಹೇಳಿದ್ದಾನೆ. ಹೊರಟೋನು ಎಲ್ಲಿಗೆ ಹೋಗ್ತಾನೆ ಅಂತ ಮಾತ್ರ ಯೋಚ್ನೆ ಮಾಡ್ಲಿಲ್ಲ" ಎಂದರು. ಸಂಗತಿ ಇಷ್ಟೇ. ನಮ್ಮಲ್ಲಿ ಹಾಕುತ್ತಿದ್ದ ವೇಗವರ್ಧಕ ಕೆಲಸದಲ್ಲಿ ತಾನು ಖರ್ಚಾಗುವುದಿಲ್ಲ. ಅಚ್ಚಿನ ಬಿಸಿಗೆ ಆವಿಯಾಗಿ, ಮುಚ್ಚಳ ತೆಗೆದ ಕೂಡಲೇ ಹೊರಗೆ ಬರುತ್ತದೆ. ಫ್ಯಾನಿನ ಬಾಯಿ ಮುಚ್ಚಿದ್ದರಿಂದ ಅದಕ್ಕೆ ಸಿಕ್ಕ ದಾರಿ ನಿನ್ನ ಮುಖ. ನೀನೋ, ಮೈ ಹೇಗೆ ಬಂದಿದೆ ನೋಡಲು ಮೂಗು ತಾಗುವಷ್ಟು ಬಗ್ಗುವವನು. ಆ ಆವಿಗೆ ಕಣ್ಣಿನ ಮೇಲ್ಪದರ ಒಂಚೂರು ಊದಿಕೊಳ್ಳುತ್ತದೆ. ಕಿಟಕಿಯ ಗಾಜಿಗೆ ಬಾಯಿಯಿಂದ ಉಸಿರು ಊದಿದರೆ ಆಚೆಯ ದೀಪ ಹೇಗೆ ಕಾಣುತ್ತದೆ, ಹಾಗೆ ನೀಲಿ ಮಬ್ಬು, ಸುತ್ತ ಬಳೆ. ಆವಿಯಿಂದ ದೂರ ಬಂದರೆ ಊತ ಇಳಿದು ಬೆಳಗಾಗುವುದರೊಳಗೆ ಸರಿಹೋಗುತ್ತದೆ. ಈ ಕೆಲಸದಲ್ಲಿ ಇದು ಹಳೆಯ ತೊಂದರೆ, ಹೆಸರೂ ಇದೆಯಂತೆ. ಸಹಿಸಿಕೊಂಡಿರಬಹುದಾದ ವಿಷಯವಲ್ಲ, ಆ ಮಬ್ಬಿನಲ್ಲಿ ಗಾಡಿ ಓಡಿಸಿದರೆ ಗತಿಯೇನು ಎಂದು ನನ್ನನ್ನೇ ಗದರಿದರು. ಆದರೆ ಅಪ್ಪನ ಕಾಯಿಲೆಯಲ್ಲ ಅದು. ಇನ್ನೊಮ್ಮೆ ಬರೆಯುತ್ತೇನೆ: ನೀನು ಕಂಡ ಬಳೆ ಅಪ್ಪನ ಬಳೆಯಲ್ಲ.

ರಟ್ಟು ಕಿತ್ತ ಮರುದಿನ ಸಂಜೆ ಪೈಲ್ವಾನ ನಿಲ್ದಾಣದಲ್ಲಿ ದೀಪದ ಕಂಬವನ್ನೇ ನೋಡುತ್ತಾ, "ಬರೀ ಲೈಟು ಅಕ್ಕಾ! ಬರೀ ಲೈಟು!" ಎಂದು ಕೂಗಿದ. ಸಾಲಿನಲ್ಲಿದ್ದವರು ಇವನಿಗೆ ಏನಾಯಿತಪ್ಪಾ ಎಂದು ಸರಿದು ನಿಂತರು. ನಾನೂ ಅವನ ಜೊತೆ ತಲೆ ಎತ್ತಿ ನೋಡಿದೆ. ಹುಳ ಮೆತ್ತಿದ, ಧೂಳು ಹಿಡಿದ ದೀಪ. ಅಷ್ಟು ಚೆಂದದ್ದನ್ನು ನಾನು ಇತ್ತೀಚೆಗೆ ನೋಡಿಲ್ಲ.

ಈಗ ಮೇಡಂ ಬೇರೆ ವೇಗವರ್ಧಕ ತರಿಸಿದ್ದಾರೆ. ಇದು ಕೆಲಸ ಮುಗಿಸಿ ಹೊರಡುವುದಿಲ್ಲ, ಫೋಮಿನ ಜೊತೆಗೇ ಕೂಡಿಕೊಂಡು ಒಳಗೆ ಉಳಿಯುತ್ತದೆ. ಪೈಲ್ವಾನ ಆಗಲೇ ಅದಕ್ಕೆ ಮನೆಅಳಿಯ ಎಂದು ಹೆಸರಿಟ್ಟಿದ್ದಾನೆ. ಆದರೆ ಮನೆಅಳಿಯನಿಗೆ ಹಳಬನ ಚುರುಕಿಲ್ಲ, ಒಂದು ದಿನ ಸೀಟು ಸುಕ್ಕು, ಇನ್ನೊಂದು ದಿನ ಕುಸಿತ. ಅಳತೆ ಹೊಂದಿಸಲು ಮೇಡಂ ಒದ್ದಾಡುತ್ತಿದ್ದಾರೆ. ಬಿಸಿ ಸೀಟನ್ನು ಒತ್ತಿ ನೋಡಿ ಒಳಗೆ ಗುಳ್ಳೆ ತೆರೆದಿದೆಯೋ ಇಲ್ಲವೋ ಹೇಳುವವರು ಬೇಕಾಗಿದ್ದಾರೆ. "ನಿನ್ನ ತಮ್ಮನ್ನ ಕರೆಸು, ಅವನ ಹೆಬ್ಬೆರಳಿನ ಕೆಲಸ ಬಾಕಿ ಇದೆ" ಎಂದಿದ್ದಾರೆ.

ಮೂರನೆಯ ಲೋಟದ ಫೋಮು ಆರಿದ ಮೇಲೆ ಕೇಳಿ ಮನೆಗೆ ತಂದೆ. ಅಪ್ಪನ ಕೈಗಿತ್ತೆ. ಅವರು ಒತ್ತಿದರು, ಬಿಟ್ಟರು, ಮತ್ತೆ ಒತ್ತಿದರು. ಬಾಯಿಗೆ ಹಿಡಿದು ಊದಿ, ಇನ್ನೊಂದು ಮಗ್ಗುಲಿಗೆ ಅಂಗೈ ಇಟ್ಟು, "ಅಯ್ಯೋ, ಗಾಳಿ ಆಚೆ ಬರ್ತಿದೆ ಕಣೇ! ಇದು ನೀರಿನ ಹಾಗೆ ಇತ್ತು ಅಂತೀಯಾ?" ಎಂದು ಕೇಳಿದರು. ಆಗ ಎಲ್ಲ ಹೇಳಿಬಿಟ್ಟೆ, ನಿನ್ನ ಬಳೆಯನ್ನೂ ಸೇರಿಸಿ. ಬಹಳ ಹೊತ್ತು ಆ ತುಂಡನ್ನು ಹಿಸುಕುತ್ತಾ ಕೂತಿದ್ದರು. ಕೊನೆಗೆ, "ಅಂಗಡಿ ಗಿಂಗಡಿ ಏನಿಲ್ಲ. ನನ್ನ ಹಾಗೆ ಆಗ್ತೀನಿ ಅಂತ ನನ್ನಿಂದಲೇ ಓಡಿಹೋದ, ಅಲ್ವಾ?" ಎಂದರು. ಮತ್ತೆ ಅವರೇ, "ಕೋಪ ಇಲ್ಲ ಅಂತ ಬರಿ. ನಾನೂ ಆ ವಯಸ್ಸಲ್ಲಿ ಡಾಕ್ಟರ ಬಾಗಿಲು ದಾಟಲಿಲ್ಲ, ಬಳೆ ಕಂಡಾಗಲೂ ದಾಟಲಿಲ್ಲ. ಕೊನೆಗೆ ದಾಟೋ ಹೊತ್ತಿಗೆ ಮುಕ್ಕಾಲು ದೃಷ್ಟಿ ಹೋಗಿತ್ತು. ನೀವಿಬ್ರೂ ಒಂದ್ಸಲ ತೋರಿಸ್ಕೊಳ್ಳಿ ಅಂತಾನೂ ಬರಿ" ಎಂದರು. ಬರೆದಿದ್ದೇನೆ.

ಅತ್ತೆಗೆ ನನ್ನ ನಮಸ್ಕಾರ ಹೇಳು, ಅವರ ಕ್ಯಾರೆಟ್ಟಿನ ಮರ್ಯಾದೆ ಕಳೆಯಬೇಡ. ಅಪ್ಪ ನಿನ್ನ ತಲೆ ಮೇಲೆ ಕೈ ಇಟ್ಟು ಹರಸಿದ್ದಾರೆ ಎಂದುಕೋ. ತಲೆ ಸಿಕ್ಕರೆ ಒಂದು ಮೊಟಕಿ ಆಮೇಲೆ ಹರಸುತ್ತಾರಂತೆ.

ಇಂತಿ ನಿನ್ನ,
ಅಕ್ಕ

ಕವರು ಅಂಟಿಸುವ ಮುಂಚೆ ಇದೊಂದು: ಅಪ್ಪ ಹೇಳಿದ ಮೇಲೆ ನಾನು ಗುರುವಾರ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೆ, ಸುಮ್ಮನೆ, ನಿನಗೆ ಧೈರ್ಯ ಬರಲಿ ಎಂದು. ನನಗೆ ಕಣ್ಣಿನೊಳಗಿನ ಒತ್ತಡ ಹೆಚ್ಚಿದೆ. ಅಪ್ಪನದೇ ಕಾಯಿಲೆ, ಶುರುವಿನಲ್ಲೇ ಸಿಕ್ಕಿದೆ. ನನಗೆ ಬಳೆ ಕಂಡಿಲ್ಲ, ಮಬ್ಬಿಲ್ಲ, ನೋವಿಲ್ಲ, ಅದು ಹೆಚ್ಚಿನವರಿಗೆ ಸದ್ದಿಲ್ಲದೇ ಬರುತ್ತದಂತೆ. ದಿನಾ ಹನಿ ಹಾಕಿಕೊಂಡು, ಆಗಾಗ ತೋರಿಸುತ್ತಿದ್ದರೆ ಈಗಿರುವ ದೃಷ್ಟಿ ಉಳಿಯುವ ಭರವಸೆ ಇದೆ ಎಂದರು, ಆದ್ದರಿಂದ ಗಾಬರಿಯಾಗಬೇಡ. ಆದರೆ ಒಡಹುಟ್ಟಿದವರನ್ನು ಕರೆತರಲೇಬೇಕು ಎಂದಿದ್ದಾರೆ. ಅಪ್ಪನಿಗೆ ಹೇಳಿಲ್ಲ. ಹನಿ ಹಾಕಿಕೊಳ್ಳಲು ನನಗೆ ಬರುತ್ತಿಲ್ಲ ತಮ್ಮಾ, ಕಣ್ಣು ತಾನೇ ಮುಚ್ಚಿಕೊಂಡು ಎಲ್ಲ ಕೆನ್ನೆಗೆ ಇಳಿಯುತ್ತದೆ. ಅಪ್ಪ ಎದುರಿಗೇ ಕೂತು, "ಮೂಗು ಯಾಕೆ ಎಳೀತಿದ್ದೀಯ, ಅಳ್ತಿದ್ದೀಯೇನೇ?" ಎಂದು ಕೇಳುತ್ತಾರೆ. ಬೇಗ ಬಾ.